ಪೆಡಲಿಗೂ ಚಕ್ರಕ್ಕೂ ನಡುವೆ ಒಂದು ಗುಳ್ಳೆ

ಹಳೆಯ ಅಂಬಾಸಿಡರ್‌ನಲ್ಲೋ ಪ್ರೀಮಿಯರ್ ಪದ್ಮಿನಿಯಲ್ಲೋ ಓಡಾಡಿದವರು ಇದನ್ನು ಒಮ್ಮೆಯಾದರೂ ನೋಡಿರುತ್ತಾರೆ. ರಸ್ತೆಗೆ ಎಮ್ಮೆ ಅಡ್ಡ ಬರುತ್ತದೆ. ಡ್ರೈವರ್ ಬ್ರೇಕ್ ತುಳಿದರೆ ಪೆಡಲು ಮುಕ್ಕಾಲು ದೂರ ಇಳಿದರೂ ಗಾಡಿ ಹಿಡಿಯುವುದಿಲ್ಲ. ಆತ ಗಾಬರಿಯಾಗದೆ ಕಾಲೆತ್ತಿ ಪಟಪಟನೆ ಇನ್ನೆರಡು ಸಲ ತುಳಿಯುತ್ತಾನೆ. ಮೂರನೆಯ ತುಳಿತಕ್ಕೆ ಪೆಡಲು ಮೇಲೇ ನಿಂತು ಗಾಡಿ ನಿಲ್ಲುತ್ತದೆ. ಹಿಂದೆ ಕೂತವರು ಉಸಿರು ಬಿಟ್ಟ ಮೇಲೆ ಆತ ಹೇಳುತ್ತಾನೆ: “ಏರ್ ಹಿಡ್ಕೊಂಡಿದೆ ಸಾರ್, ಸ್ವಲ್ಪ ಪಂಪ್ ಹೊಡೀಬೇಕು.”

ಕಾಲು ಅದೇ, ಪೆಡಲು ಅದೇ, ಪೈಪೂ ಅದೇ. ಮೊದಲ ತುಳಿತಕ್ಕೆ ಆಗದ ಕೆಲಸ ಮೂರನೆಯದಕ್ಕೆ ಹೇಗಾಯಿತು? ಎಲ್ಲ ಕಡೆಯೂ ಮುಚ್ಚಿರುವ ಬ್ರೇಕ್ ಪೈಪಿನೊಳಕ್ಕೆ ಗಾಳಿ ಎಲ್ಲಿಂದ ಬಂತು? ಆ ಗಾಳಿ ತೆಗೆಯಲು ಗ್ಯಾರೇಜಿನಲ್ಲಿ ಯಾವಾಗಲೂ ಇಬ್ಬರು ಬೇಕಾಗುವುದೇಕೆ? ಹಳೆಯ ಕಾರನ್ನು ಸ್ವಂತ ಕೈಯಿಂದ ನೋಡಿಕೊಳ್ಳುವವರಿಗೆ ಈ ಕೊನೆಯ ಪ್ರಶ್ನೆ ಬಹಳ ಮುಖ್ಯ, ಏಕೆಂದರೆ ಭಾನುವಾರ ಬೆಳಿಗ್ಗೆ ಪೆಡಲು ತುಳಿಯಲು ಮನೆಯಲ್ಲಿ ಇನ್ನೊಬ್ಬರು ಸಿಗುವುದು ಅಪರೂಪ. ಮೂರು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ.

ಸಿರಿಂಜಿನ ಪಾಠ

ಇದನ್ನು ಓದಿ ನಂಬುವುದಕ್ಕಿಂತ ಕೈಯಲ್ಲಿ ಹಿಡಿದು ನೋಡುವುದು ಮೇಲು. ಔಷಧಿ ಅಂಗಡಿಯಿಂದ 10 ಮಿ.ಲೀ.ನ ಒಂದು ಸಿರಿಂಜ್ ತನ್ನಿ, ಸೂಜಿ ಬೇಡ. ತುಂಬ ನೀರು ಎಳೆದುಕೊಂಡು ಮೂತಿಯನ್ನು ಮೇಲೆ ಮಾಡಿ, ಬೆರಳಿನಿಂದ ತಟ್ಟಿ ಗುಳ್ಳೆಗಳನ್ನೆಲ್ಲ ಹೊರಹಾಕಿ. ಈಗ ಮೂತಿಯನ್ನು ಹೆಬ್ಬೆರಳಿನಿಂದ ಬಿಗಿಯಾಗಿ ಮುಚ್ಚಿ ಹಿಡಿಯನ್ನು ಒತ್ತಿ. ಕಲ್ಲನ್ನು ಒತ್ತಿದ ಹಾಗೆ. ಎಷ್ಟು ಬಲ ಹಾಕಿದರೂ ಹಿಡಿ ಕದಲುವುದಿಲ್ಲ. ನಿಮ್ಮ ಬಲವಷ್ಟೂ ಮೂತಿ ಮುಚ್ಚಿದ ಹೆಬ್ಬೆರಳಿಗೆ ಬಂದು ಬಡಿಯುತ್ತದೆ.

ಇನ್ನು ಅರ್ಧ ನೀರು, ಅರ್ಧ ಗಾಳಿ ತುಂಬಿ ಅದನ್ನೇ ಮಾಡಿ. ಹಿಡಿ ಮೆತ್ತಗೆ ಒಳಗೆ ಹೋಗುತ್ತದೆ, ಕೈ ಸಡಿಲಿಸಿದರೆ ಪುಟಿದು ಹಿಂದಕ್ಕೆ ಬರುತ್ತದೆ. ಹೆಬ್ಬೆರಳಿಗೆ ಮೊದಲಿನ ಒತ್ತು ತಾಗಬೇಕಾದರೆ ಹಿಡಿಯನ್ನು ಬಹಳ ದೂರ ತಳ್ಳಬೇಕು. ತಳ್ಳಿದ ದೂರವೆಲ್ಲ ಗಾಳಿಯನ್ನು ಕುಗ್ಗಿಸಲಿಕ್ಕೇ ಖರ್ಚಾಯಿತು.

ಬ್ರೇಕ್ ಪೆಡಲಿನ ಕೆಳಗೆ ನಡೆಯುವುದೂ ಇದೇ. ಈ ಅಧ್ಯಾಯದಲ್ಲಿ ಮುಂದೆ ಬರುವ ಮಾಸ್ಟರ್ ಸಿಲಿಂಡರ್ ಎಂಬುದು ಆ ಸಿರಿಂಜ್. ನಾಲ್ಕು ಚಕ್ರಗಳೊಳಗೆ ಇರುವುದು ಅದರ ಜೊತೆ ಪೈಪಿನಿಂದ ಸೇರಿಸಿದ ಪುಟ್ಟ ಸಿರಿಂಜುಗಳು.

ಕಾಲಿನಿಂದ ಚಕ್ರದವರೆಗೆ

ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಕಡಿಮೆಯಾಗದೆ ಎಲ್ಲ ಕಡೆಗೂ ಹರಡುತ್ತದೆ ಎಂದು ಫ್ರಾನ್ಸಿನ ಬ್ಲೇಸ್ ಪಾಸ್ಕಲ್ 17ನೇ ಶತಮಾನದಲ್ಲೇ ವಿವರಿಸಿದ್ದ. ಅವನ ಆ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡ ಮರುವರ್ಷ, 1663ರಲ್ಲಿ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದೇ ತತ್ವದ ಮೇಲೆ ನೀರಿನ ಒತ್ತುಯಂತ್ರ ಕಟ್ಟಿ ಪೇಟೆಂಟ್ ಪಡೆದ. ಮೋಟಾರು ಗಾಡಿಯ ಬ್ರೇಕಿಗೆ ಇದು ಬರಲು ಮತ್ತೂ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಅಲ್ಲಿಯವರೆಗೆ ಕಾರುಗಳಲ್ಲಿ ಪೆಡಲಿನಿಂದ ಚಕ್ರಕ್ಕೆ ಕಬ್ಬಿಣದ ಸಲಾಕೆ ಅಥವಾ ತಂತಿ ಹೋಗುತ್ತಿತ್ತು. ನಾಲ್ಕೂ ಸಲಾಕೆಗಳನ್ನು ಒಂದೇ ಬಿಗಿಗೆ ತರುವುದು ದೊಡ್ಡ ತಲೆನೋವು. ಎಡಗಡೆಯದು ಕೂದಲೆಳೆಯಷ್ಟು ಬಿಗಿಯಾದರೆ ಬ್ರೇಕ್ ಹಾಕಿದಾಗಲೆಲ್ಲ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ 1917ರಲ್ಲಿ ದ್ರವದ ಬ್ರೇಕಿಗೆ ಪೇಟೆಂಟ್ ಪಡೆದು ಈ ತಲೆನೋವಿಗೆ ಮದ್ದು ಕೊಟ್ಟ. ದ್ರವಕ್ಕೆ ಎಡ ಬಲ ಎಂಬ ಭೇದವಿಲ್ಲ. ಒತ್ತಡ ತಾನಾಗಿಯೇ ನಾಲ್ಕೂ ಚಕ್ರಕ್ಕೆ ಸಮನಾಗಿ ಹಂಚಿಹೋಗುತ್ತದೆ. 1921ರ ಡ್ಯೂಸೆನ್‌ಬರ್ಗ್ ಕಾರಿಗೆ, 1924ರಲ್ಲಿ ಕ್ರೈಸ್ಲರ್‌ಗೆ ಇದು ಬಂತು. ಫೋರ್ಡ್ ಮಾತ್ರ 1939ರವರೆಗೂ ಸಲಾಕೆ ತಂತಿಗಳನ್ನು ಬಿಡಲಿಲ್ಲ.

ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್‌ನ ಸಂತಾನ, ಪದ್ಮಿನಿ ಇಟಲಿಯ ಫಿಯೆಟ್ 1100ರ ಸಂತಾನ. ಎರಡರ ಹಳೆಯ ಮಾಡೆಲ್‌ಗಳಲ್ಲೂ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಪೆಡಲು ತುಳಿದರೆ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮುಂದೆ ಹೋಗಿ ಬ್ರೇಕ್ ಆಯಿಲನ್ನು ಪೈಪಿಗೆ ತಳ್ಳುತ್ತದೆ. ಚಕ್ರದೊಳಗಿನ ವ್ಹೀಲ್ ಸಿಲಿಂಡರಿನ ಪಿಸ್ಟನ್‌ಗಳು ಹೊರಕ್ಕೆ ಸರಿದು, ಲೈನರ್ ಅಂಟಿಸಿದ ಎರಡು ಬ್ರೇಕ್ ಶೂಗಳನ್ನು ತಿರುಗುತ್ತಿರುವ ಡ್ರಮ್ಮಿಗೆ ಒತ್ತುತ್ತವೆ. ಪಿಸ್ಟನ್ನಿನ ಪಕ್ಕದಿಂದ ಆಯಿಲ್ ಸೋರದಂತೆ ತಡೆಯುವುದು ಬಟ್ಟಲಿನಾಕಾರದ ರಬ್ಬರ್ ವಾಷರ್.

ಒಂದು ಸಿ.ಸಿ. ಗಾಳಿಯ ಬೆಲೆ

ಸ್ವಲ್ಪ ಲೆಕ್ಕ ಹಾಕೋಣ. ನಿಮ್ಮ ಕಾಲು ಪೆಡಲಿನ ಮೇಲೆ 30 ಕಿಲೋ ಭಾರ ಹಾಕಿತೆನ್ನಿ. ಪೆಡಲು ಒಂದು ಸನ್ನೆಗೋಲು. ಅದು ಆ ಬಲವನ್ನು ಐದು ಪಟ್ಟು ಮಾಡಿದರೆ ಪಿಸ್ಟನ್ನಿಗೆ 150 ಕಿಲೋ. ಮಾಸ್ಟರ್ ಸಿಲಿಂಡರಿನ ಒಳವ್ಯಾಸ 19 ಮಿ.ಮೀ., ಅಂದರೆ ಮುಕ್ಕಾಲು ಅಂಗುಲ ಎಂದಿಟ್ಟುಕೊಂಡರೆ ಅದರ ಮುಖದ ಅಳತೆ ಮೂರು ಚದರ ಸೆಂ.ಮೀ.ಗಿಂತ ತುಸು ಕಡಿಮೆ. ಪ್ರತಿ ಚದರ ಸೆಂ.ಮೀ.ಗೆ 50 ಕಿಲೋಗೂ ಮೀರಿದ ಒತ್ತಡ ಬಂದಂತಾಯಿತು. ಇದು ನಮ್ಮ ಸುತ್ತಲಿನ ವಾತಾವರಣದ ಒತ್ತಡದ ಸುಮಾರು ಐವತ್ತು ಪಟ್ಟು.

ಇಷ್ಟು ಒತ್ತಡದಲ್ಲಿ ನೀರಿನಂಥ ದ್ರವ ಕುಗ್ಗುವುದು ಸಾವಿರಕ್ಕೆ ಎರಡು ಪಾಲಿನಷ್ಟು. ಕಾಲಿಗೆ ಅದು ಗೊತ್ತೇ ಆಗದು. ಗಾಳಿಯಾದರೋ ಐವತ್ತನೇ ಒಂದು ಪಾಲಿಗೆ ಇಳಿದುಬಿಡುತ್ತದೆ. ಪೈಪಿನಲ್ಲೆಲ್ಲೋ ಒಂದು ಸಿ.ಸಿ. ಗಾಳಿ ಸೇರಿದ್ದರೆ ಅದನ್ನು ಕುಗ್ಗಿಸಲು ಬಹುತೇಕ ಒಂದು ಸಿ.ಸಿ. ಆಯಿಲ್ ವ್ಯರ್ಥವಾಗುತ್ತದೆ. ಪಿಸ್ಟನ್ ಮೂರೂವರೆ ಮಿ.ಮೀ. ಹೆಚ್ಚು ಓಡಬೇಕು, ಪೆಡಲು ಅದರ ಐದು ಪಟ್ಟು ಎಂದರೆ ಹದಿನೇಳು ಮಿ.ಮೀ. ಕೆಳಗಿಳಿಯಬೇಕು. ಇಂಥ ಮಾಸ್ಟರ್ ಸಿಲಿಂಡರ್ ಒಂದು ಪೂರ್ತಿ ತುಳಿತಕ್ಕೆ ತಳ್ಳುವ ಆಯಿಲ್ ಸುಮಾರು ಐದು ಸಿ.ಸಿ., ಅಂದರೆ ಒಂದು ಟೀ ಚಮಚ. ಆದ್ದರಿಂದ ಪೈಪಿನಲ್ಲಿ ಒಂದು ಚಮಚ ಗಾಳಿ ಇದ್ದರೆ ಪೆಡಲು ನೆಲ ಮುಟ್ಟುವವರೆಗೆ ತುಳಿದರೂ ಚಕ್ರಕ್ಕೆ ಏನೂ ತಲುಪುವುದಿಲ್ಲ. ಇಷ್ಟು ದೊಡ್ಡ ಗಾಡಿಯ ಬ್ರೇಕನ್ನು ಒಂದು ಚಮಚ ಗಾಳಿ ಇಲ್ಲವಾಗಿಸುತ್ತದೆ ಎಂಬುದು ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನಿಸುವ ವಿಷಯ.

ಮೂರನೆಯ ತುಳಿತಕ್ಕೆ ಹಿಡಿದದ್ದೇಕೆ

ಮಾಸ್ಟರ್ ಸಿಲಿಂಡರಿನ ಮೇಲೆ ಆಯಿಲ್ ತುಂಬಿದ ಒಂದು ಡಬ್ಬಿ ಇರುತ್ತದೆ. ಕಾಲೆತ್ತಿದಾಗ ಪಿಸ್ಟನ್ ಸ್ಪ್ರಿಂಗಿನ ಬಲದಿಂದ ಥಟ್ಟನೆ ಹಿಂದೆ ಬರುತ್ತದೆ. ಚಕ್ರದ ಕಡೆಗೆ ಹೋಗಿದ್ದ ಆಯಿಲ್ ಅಷ್ಟು ಬೇಗ ಹಿಂತಿರುಗಲಾರದು. ಡ್ರಮ್ ಬ್ರೇಕಿನ ಹಳೆಯ ಕಾರುಗಳಲ್ಲಿ ಅದಕ್ಕೊಂದು ಕಾರಣವೂ ಇದೆ. ಪೈಪಿನ ಬಾಯಲ್ಲಿ ಚಿಕ್ಕದೊಂದು ತಡೆಕವಾಟ ಕೂತಿರುತ್ತದೆ. ವಾತಾವರಣದ ಅರ್ಧಕ್ಕಿಂತ ತುಸು ಹೆಚ್ಚಿನ ಒತ್ತಡ ಪೈಪಿನಲ್ಲಿ ಸದಾ ಉಳಿಯುವಂತೆ ಅದು ನೋಡಿಕೊಳ್ಳುತ್ತದೆ. ವ್ಹೀಲ್ ಸಿಲಿಂಡರಿನ ರಬ್ಬರ್ ಬಟ್ಟಲುಗಳ ಅಂಚು ಗೋಡೆಗೆ ಒತ್ತಿಕೊಂಡೇ ಇರಲಿ ಎಂಬುದು ಅದರ ಉದ್ದೇಶ.

ಹಿಂದೆ ಸರಿದ ಪಿಸ್ಟನ್ನಿನ ಮುಂದೆ ಹೀಗೆ ಖಾಲಿ ಜಾಗ ಆಗುತ್ತದೆ. ಡಬ್ಬಿಯ ಆಯಿಲ್ ರಬ್ಬರಿನ ಅಂಚನ್ನು ಮಡಿಸಿಕೊಂಡು ಆ ಜಾಗಕ್ಕೆ ನುಗ್ಗುತ್ತದೆ. ಎರಡನೆಯ ತುಳಿತ ಈ ಹೊಸ ಆಯಿಲನ್ನು ಮೊದಲಿನದಕ್ಕೆ ಸೇರಿಸುತ್ತದೆ, ಮೂರನೆಯದು ಮತ್ತಷ್ಟು ಸೇರಿಸುತ್ತದೆ. ಗಾಳಿ ಅಷ್ಟರಲ್ಲಿ ಕುಗ್ಗಿಹೋಗಿದೆ, ಶೂಗಳು ಡ್ರಮ್ಮಿನ ಹತ್ತಿರಕ್ಕೆ ಬಂದಿವೆ. ಉಳಿದ ಬಲ ಈಗ ಬ್ರೇಕಿಗೆ ಸಿಗುತ್ತದೆ. ಕಾಲೆತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಹೆಚ್ಚಾದ ಆಯಿಲ್ ಒಂದು ಸೂಜಿಮೊನೆಯಂಥ ತೂತಿನಿಂದ ಡಬ್ಬಿಗೆ ಮರಳುತ್ತದೆ. ಮತ್ತೆ ಮೊದಲ ತುಳಿತ ಪೊಳ್ಳು.

ಇಲ್ಲಿ ಒಂದು ಎಚ್ಚರ ಬೇಕು. ಪಂಪ್ ಹೊಡೆದರೆ ಮೇಲೆ ಬರುವ ಪೆಡಲಿಗೆಲ್ಲ ಗಾಳಿಯೇ ಕಾರಣವಲ್ಲ. ಮೇಲೆ ಬಂದ ಪೆಡಲು ಕಲ್ಲಿನಂತೆ ಗಟ್ಟಿಯಾಗಿದ್ದರೆ ಲೈನರ್ ಸವೆದು ಶೂಗಳು ಡ್ರಮ್ಮಿನಿಂದ ದೂರವಾಗಿವೆ ಎಂದರ್ಥ. ಬ್ರೇಕ್ ಟೈಟ್ ಮಾಡಿದರೆ ಸಾಕು. ಮೇಲೆ ಬಂದರೂ ಸ್ಪಂಜಿನಂತೆ ಪುಟಿಯುತ್ತಿದ್ದರೆ ಅದು ಗಾಳಿ. ಒತ್ತಿ ಹಿಡಿದ ಪೆಡಲು ನಿಧಾನವಾಗಿ ಕೆಳಗೆ ಜಾರುತ್ತಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿದೆ. ಹಾಗಾದಾಗ ಏರ್ ತೆಗೆಯುತ್ತ ಕೂರುವುದು ದಂಡ. ಆ ಕಾಲದ ಬಹಳಷ್ಟು ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಕೋಣೆ. ಒಂದು ಕಡೆ ಒಡೆದರೆ ನಾಲ್ಕೂ ಹೋದಂತೆ. ಸೋರಿಕೆ ಕಂಡ ಗಾಡಿಯನ್ನು ಗೇಟಿನಾಚೆಗೂ ಒಯ್ಯಬಾರದು.

ಮುಚ್ಚಿದ ಪೈಪಿಗೆ ಗಾಳಿ ಬಂದ ದಾರಿ

ವ್ಹೀಲ್ ಸಿಲಿಂಡರಿನ ಕಿಟ್ ಬದಲಿಸಿದಾಗ, ಪೈಪ್ ಬಿಚ್ಚಿದಾಗ, ಡಬ್ಬಿಯ ಆಯಿಲ್ ಬತ್ತಿದಾಗ ಗಾಳಿ ಸೇರುವುದು ಎಲ್ಲರಿಗೂ ಅರ್ಥವಾಗುತ್ತದೆ. ಯಾರೂ ಏನೂ ಬಿಚ್ಚದೆಯೂ ಗುಳ್ಳೆ ಹುಟ್ಟುವ ಇನ್ನೊಂದು ದಾರಿ ಇದೆ. ಘಟ್ಟದ ಊರಿನವರಿಗೆ ಅದು ಗೊತ್ತಿರಲೇಬೇಕು.

ಬಹಳ ಹಿಂದೆ ಬ್ರೇಕ್ ಆಯಿಲ್ ಎಂದರೆ ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿದ ಮಿಶ್ರಣ. ಹರಳೆಣ್ಣೆ ರಬ್ಬರನ್ನು ಕೆಡಿಸುವುದಿಲ್ಲ, ಎಂಜಿನ್ ಆಯಿಲ್ ಉಬ್ಬಿಸಿ ಹಾಳುಮಾಡುತ್ತದೆ. ಆದ್ದರಿಂದಲೇ ಬ್ರೇಕ್ ಡಬ್ಬಿಗೆ ಅಪ್ಪಿತಪ್ಪಿಯೂ ಎಂಜಿನ್ ಆಯಿಲ್ ಹಾಕಬಾರದು. ಈಗ ಅಂಗಡಿಯಲ್ಲಿ ಸಿಗುವ ಡಾಟ್ 3, ಡಾಟ್ 4 ಎಂಬವು ಗ್ಲೈಕಾಲ್ ಜಾತಿಯ ದ್ರವಗಳು. ಎಣ್ಣೆ ಎಂದು ಕರೆದರೂ ನಿಜಕ್ಕೂ ಎಣ್ಣೆಯಲ್ಲ, ನೀರಿನಲ್ಲಿ ಕರಗುತ್ತವೆ. ಅವಕ್ಕೊಂದು ಹೀರುಗುಣವಿದೆ. ಗಾಳಿಯ ತೇವವನ್ನು ರಬ್ಬರ್ ಹೋಸಿನ ಮೂಲಕವೂ ಡಬ್ಬಿಯ ಮುಚ್ಚಳದ ತೂತಿನಿಂದಲೂ ಮೆಲ್ಲಗೆ ಎಳೆದುಕೊಳ್ಳುತ್ತಲೇ ಇರುತ್ತವೆ. ಮಲೆನಾಡಿನ, ಕರಾವಳಿಯ ಮಳೆಗಾಲದಲ್ಲಿ ಈ ಕೆಲಸಕ್ಕೆ ಬಿಡುವೇ ಇಲ್ಲ.

ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ಅದರಲ್ಲಿ ನೂರಕ್ಕೆ 3.7 ಪಾಲು ನೀರು ಸೇರಿದರೆ ಈ ಮಿತಿ 140ಕ್ಕೆ ಕುಸಿಯುತ್ತದೆ. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ಮಿನ ಕಾವು ವ್ಹೀಲ್ ಸಿಲಿಂಡರಿಗೆ ಏರಿ ಒಳಗಿನ ಹಳೆಯ ಆಯಿಲ್ ಕುದಿಯತೊಡಗುತ್ತದೆ. ಕುದಿದ ಜಾಗದಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ. ಹೀಗೆ ಮುಂದಿನ ತಿರುವಿನಲ್ಲಿ ಪೆಡಲು ಸೀದಾ ನೆಲಕ್ಕೆ ಹೋಗುತ್ತದೆ. ಅರ್ಧ ಗಂಟೆ ನಿಲ್ಲಿಸಿ ತಣಿಸಿದರೆ ಆವಿ ಮತ್ತೆ ದ್ರವವಾಗಿ ಬ್ರೇಕ್ ಸರಿಯಾಗಿರುವಂತೆ ಕಾಣುತ್ತದೆ. ಮೆಕ್ಯಾನಿಕ್ ನೋಡಿದರೆ ದೋಷ ಕಾಣದೇ ಇರುವುದು ಈ ಕಾರಣಕ್ಕೆ.

ಇದರ ಜೊತೆ ಗೊಂದಲವಾಗುವ ಇನ್ನೊಂದು ತೊಂದರೆಯನ್ನೂ ಹೇಳಿಬಿಡುತ್ತೇನೆ. ಪೆಡಲು ಗಟ್ಟಿಯಾಗಿಯೇ ಇದ್ದು ಗಾಡಿ ಮಾತ್ರ ನಿಲ್ಲದಿದ್ದರೆ ಲೈನರ್ ಕಾದು ಹಿಡಿತ ಕಳೆದುಕೊಂಡಿದೆ. ಪೆಡಲು ಮೆತ್ತಗಾದರೆ ಆಯಿಲ್ ಕುದಿದಿದೆ. ಎರಡಕ್ಕೂ ಮುನ್ನೆಚ್ಚರಿಕೆ ಒಂದೇ. ಘಟ್ಟ ಹತ್ತಿದ ಗೇರಿನಲ್ಲೇ ಇಳಿಯಬೇಕು.

ಎರಡನೆಯ ಮನುಷ್ಯ ಮಾಡುವ ಕೆಲಸ

ಪ್ರತಿ ವ್ಹೀಲ್ ಸಿಲಿಂಡರಿನ ಹಿಂದೆ, ಅದರ ಅತ್ಯಂತ ಮೇಲಿನ ಜಾಗದಲ್ಲಿ, ಏರ್ ತೆಗೆಯಲೆಂದೇ ಒಂದು ಬ್ಲೀಡಿಂಗ್ ನಿಪ್ಪಲ್ ಇರುತ್ತದೆ. ಕಿರುಬೆರಳಿನ ತುದಿಗಿಂತ ಸಣ್ಣದು. ಒಳತುದಿ ಚೂಪು, ನಡುವೆ ತೂತು. ಅರ್ಧ ಸುತ್ತು ಸಡಿಲಿಸಿದರೆ ತೂತು ತೆರೆದು ಒಳಗಿನದು ಹೊರಗೆ ಬರುತ್ತದೆ. ಗುಳ್ಳೆ ಮೇಲೇ ಸೇರುವುದರಿಂದ ನಿಪ್ಪಲ್ ಮೇಲೆಯೇ ಇರಬೇಕು. ರಿಪೇರಿಯಲ್ಲಿ ಎಡದ ಸಿಲಿಂಡರನ್ನು ಬಲಕ್ಕೆ ಕೂರಿಸಿ ನಿಪ್ಪಲ್ ಕೆಳಗೆ ಹೋಗಿಬಿಟ್ಟರೆ ದಿನವಿಡೀ ಆಯಿಲ್ ಸುರಿದರೂ ಗಾಳಿ ಹೋಗದು.

ಗ್ಯಾರೇಜಿನಲ್ಲಿ ಮೇಸ್ತ್ರಿ ಚಕ್ರದ ಬಳಿ ಕೂತಿರುತ್ತಾನೆ, ಹುಡುಗ ಸೀಟಿನಲ್ಲಿ. “ಒತ್ತೋ... ಹಿಡ್ಕೋ...” ಎಂದಾಗ ಮೇಸ್ತ್ರಿ ನಿಪ್ಪಲ್ ಬಿಡುತ್ತಾನೆ, ಗುಳ್ಳೆ ಬೆರೆತ ಆಯಿಲ್ ಚಿಮ್ಮುತ್ತದೆ. ನಿಪ್ಪಲ್ ಮುಚ್ಚಿದ ಮೇಲೆಯೇ “ಬಿಡೋ” ಎನ್ನುತ್ತಾನೆ. ಈ ಮೂರು ಮಾತುಗಳ ಸರದಿ ತಪ್ಪುವಂತಿಲ್ಲ. ನಿಪ್ಪಲ್ ತೆರೆದಿರುವಾಗಲೇ ಹುಡುಗ ಕಾಲೆತ್ತಿದರೆ ಹಿಂದೆ ಸರಿಯುವ ಪಿಸ್ಟನ್ ಹೊರಗಿನ ಗಾಳಿಯನ್ನೇ ಒಳಕ್ಕೆ ಎಳೆದುಕೊಳ್ಳಬಹುದು.

ಇಬ್ಬರೂ ಸೇರಿ ಮಾಡುತ್ತಿರುವುದು ಆಯಿಲಿಗೆ ಹೋಗುವ ದಾರಿ ಮಾತ್ರ ಕೊಟ್ಟು ಬರುವ ದಾರಿಯನ್ನು ಮುಚ್ಚುವ ಕೆಲಸ. ಒಬ್ಬನ ಕೈ, ಇನ್ನೊಬ್ಬನ ಕಾಲು, ನಡುವಿನ ಕೂಗು ಸೇರಿ ಒಂದು ಒಮ್ಮುಖ ಕವಾಟವಾಗಿದೆ. ಆ ಕವಾಟವನ್ನು ಬೇರೆ ಯಾವುದಾದರೂ ರೀತಿಯಲ್ಲಿ ಒದಗಿಸಿದರೆ ಎರಡನೆಯ ಮನುಷ್ಯ ಬೇಕಿಲ್ಲ. ಒಂಟಿಯಾಗಿ ಏರ್ ತೆಗೆಯುವ ಉಪಾಯಗಳೆಲ್ಲ ಈ ಒಂದು ಮಾತಿನಿಂದ ಹುಟ್ಟುತ್ತವೆ.

ಬಾಟಲಿ ಮತ್ತು ಪಾರದರ್ಶಕ ಪೈಪು

ಅತ್ಯಂತ ಸರಳವಾದದ್ದು, ಡ್ರಮ್ ಬ್ರೇಕಿನ ಹಳೆಯ ಕಾರಿಗೆ ನಾನು ಮೊದಲು ಹೇಳುವುದು ಬಾಟಲಿಯ ಉಪಾಯ. ನಿಪ್ಪಲಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಪೈಪನ್ನು ಸಿಕ್ಕಿಸಿ, ಮೊದಲು ಒಂದು ಗೇಣಿನಷ್ಟು ನೇರ ಮೇಲಕ್ಕೆ ಒಯ್ದು, ಆಮೇಲೆ ಬಾಗಿಸಿ ಬಾಟಲಿಗೆ ಇಳಿಸಿ. ಬಾಟಲಿಯ ತಳದಲ್ಲಿ ಎರಡು ಬೆರಳು ಹೊಸ ಆಯಿಲ್ ಇರಲಿ, ಪೈಪಿನ ತುದಿ ಅದರಲ್ಲಿ ಮುಳುಗಿರಲಿ. ನಿಪ್ಪಲನ್ನು ಅರ್ಧ ಸುತ್ತಿಗಿಂತ ಕಡಿಮೆ ಸಡಿಲಿಸಿ, ಹೋಗಿ ಸೀಟಿನಲ್ಲಿ ಕೂತು ಪೆಡಲು ತುಳಿಯಿರಿ.

ಪೈಪನ್ನು ಮೇಲಕ್ಕೆ ಒಯ್ದದ್ದರಲ್ಲೇ ಜಾಣತನವಿದೆ. ಹೊರಬಂದ ಗುಳ್ಳೆ ಮೇಲಕ್ಕೇರುತ್ತದೆ, ಎಂದರೆ ನಿಪ್ಪಲಿನಿಂದ ದೂರ ಹೋಗುತ್ತದೆ. ಕಾಲೆತ್ತಿದಾಗ ಪಿಸ್ಟನ್ ಏನನ್ನಾದರೂ ಹಿಂದಕ್ಕೆ ಎಳೆದರೂ ನಿಪ್ಪಲಿನ ಬಾಯಲ್ಲಿ ಇರುವುದು ಗಾಳಿಯಿಲ್ಲದ ಆಯಿಲ್. ಪೈಪು ನಿಪ್ಪಲಿನಿಂದ ಸೀದಾ ಕೆಳಗೆ ಜೋತುಬಿದ್ದರೆ ಗುಳ್ಳೆ ಹೊರಬಂದ ದಾರಿಯಲ್ಲೇ ತಿರುಗಿ ಒಳಗೆ ಹೋಗುತ್ತದೆ. ಇನ್ನು, ನಾವು ಆಗಲೇ ನೋಡಿದ ತಡೆಕವಾಟ ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಕೂತು ಪೈಪಿನ ಆಯಿಲ್ ಹಿಂತಿರುಗದಂತೆ ಹಿಡಿದಿರುತ್ತದೆ. ಆದ್ದರಿಂದ ಪಿಸ್ಟನ್ ತನಗೆ ಬೇಕಾದ್ದನ್ನು ಮೇಲಿನ ಡಬ್ಬಿಯಿಂದಲೇ ಪಡೆಯುತ್ತದೆ. ಬ್ರೇಕಿನ ಹಳೆಯ ವಿನ್ಯಾಸವೇ ಒಂಟಿ ಕೆಲಸಗಾರನಿಗೆ ನೆರವಾಗುವ ಜಾಗ ಇದು. ಇದೂ ಸಾಲದೆನಿಸಿದರೆ ಪೈಪಿನ ನಡುವೆ ಹಾಕುವ ಚಿಕ್ಕ ಒಮ್ಮುಖ ಕವಾಟಗಳು ಅಂಗಡಿಯಲ್ಲಿ ಸಿಗುತ್ತವೆ.

ಎಷ್ಟು ಸಲ ತುಳಿಯಬೇಕು ಎಂಬುದಕ್ಕೂ ಲೆಕ್ಕವಿದೆ. ಬ್ರೇಕ್ ಪೈಪಿನ ಒಳಬಾಯಿ ಸುಮಾರು ಮೂರು ಮಿ.ಮೀ. ಒಂದು ತುಳಿತದ ಐದು ಸಿ.ಸಿ. ಆಯಿಲ್ ಅದರಲ್ಲಿ ಎಪ್ಪತ್ತು ಸೆಂ.ಮೀ. ಉದ್ದ ತುಂಬುತ್ತದೆ. ಹಿಂದಿನ ಚಕ್ರ ಮೂರು ಮೀಟರು ದೂರವಿದ್ದರೆ, ಮಾಸ್ಟರ್ ಸಿಲಿಂಡರಿನ ಬಳಿ ಇರುವ ಗುಳ್ಳೆ ನಿಪ್ಪಲ್ ತಲುಪಲು ನಾಲ್ಕೈದು ಪೂರ್ತಿ ತುಳಿತ ಬೇಕು. ಪ್ರತಿ ತುಳಿತದ ಆಯಿಲ್ ಹಿಂದಕ್ಕೆ ಬರುತ್ತಿದ್ದರೆ ಗುಳ್ಳೆ ಇದ್ದಲ್ಲೇ ಹಿಂದೆ ಮುಂದೆ ಓಲಾಡುತ್ತಿರುತ್ತದೆ, ಹೊರಗೆ ಬರುವುದೇ ಇಲ್ಲ. ದೂರದ ಚಕ್ರದಿಂದ ಶುರುಮಾಡಿ ಹತ್ತಿರದ್ದಕ್ಕೆ ಬರುವ ವಾಡಿಕೆಯೂ ಇದಕ್ಕೇ. ಉದ್ದದ ಪೈಪು ಮೊದಲು ಶುದ್ಧವಾಗಲಿ ಎಂದು.

ಡಬ್ಬಿಯ ಮಟ್ಟ ಮರೆತರೆ ಮಾಡಿದ್ದೆಲ್ಲ ಹಾಳು. ಹತ್ತು ತುಳಿತಕ್ಕೆ ಐವತ್ತು ಸಿ.ಸಿ. ಖಾಲಿಯಾಗುತ್ತದೆ. ಡಬ್ಬಿ ಬತ್ತಿದರೆ ಮಾಸ್ಟರ್ ಸಿಲಿಂಡರಿಗೇ ಗಾಳಿ ನುಗ್ಗಿ ಕೆಲಸ ಮೊದಲಿನಿಂದ ಶುರು. ಮಾರಿಸ್ ಮೈನರ್‌ನಂಥ ಕಾರಿನಲ್ಲಂತೂ ಮಾಸ್ಟರ್ ಸಿಲಿಂಡರ್ ಡ್ರೈವರನ ಕಾಲಡಿಯಲ್ಲಿ, ನೆಲಹಾಸಿನ ಕೆಳಗೆ ಅಡಗಿದೆ. ಪ್ರತಿ ಸಲ ನೆಲಹಾಸು ಸರಿಸಿಯೇ ನೋಡಬೇಕು.

ಗುಳ್ಳೆಯ ಸ್ವಭಾವ

ಅವಸರದ ಕಾಲು ಗುಳ್ಳೆಯನ್ನು ಹೊರಹಾಕುವುದಿಲ್ಲ, ಒಡೆಯುತ್ತದೆ. ಒಂದು ದೊಡ್ಡ ಗುಳ್ಳೆ ನೂರಾರು ಚಿಕ್ಕವಾಗಿ ಆಯಿಲ್ ಹಾಲಿನಂತೆ ಬೆಳ್ಳಗಾಗುತ್ತದೆ. ಗಾಳಿ ಅಷ್ಟೇ ಇದೆ, ಆದರೆ ತೆಗೆಯುವುದು ಈಗ ಬಹಳ ಕಷ್ಟ. ಸಣ್ಣ ಗುಳ್ಳೆಯ ವ್ಯಾಸ ಅರ್ಧವಾದರೆ ಅದು ಮೇಲೇರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ, ಹತ್ತನೇ ಒಂದಾದರೆ ನೂರನೇ ಒಂದಕ್ಕೆ. ಸಾಸಿವೆ ಗಾತ್ರದ್ದು ತಕ್ಷಣ ಏರಿಬಿಟ್ಟರೆ ಧೂಳಿನ ಗಾತ್ರದ್ದು ಗಂಟೆಗಟ್ಟಲೆ ತೇಲುತ್ತಲೇ ಇರುತ್ತದೆ. ಹಾಗಾಗಿ ಪೆಡಲನ್ನು ಒಂದೇ ಹದದಲ್ಲಿ ತುಳಿದು, ನಿಧಾನವಾಗಿ ಬಿಟ್ಟು, ಮುಂದಿನ ತುಳಿತಕ್ಕೆ ಮೊದಲು ಮೂರು ನಾಲ್ಕು ಸೆಕೆಂಡು ಕಾಯಬೇಕು. ಆಯಿಲ್ ಬೆಳ್ಳಗಾಗಿಬಿಟ್ಟಿದ್ದರೆ ಎದ್ದು ಹೋಗಿ, ಸಂಜೆ ಬಂದು ಮುಂದುವರಿಸುವುದೇ ವಾಸಿ.

ಪೈಪಿನೊಳಗೆ ಇನ್ನೊಂದು ಸಂಗತಿ ನಡೆಯುತ್ತದೆ. ಮೂರು ಮಿ.ಮೀ. ಬಾಯಿಯ ಪೈಪನ್ನು ಒಂದು ಗುಳ್ಳೆ ಪೂರ್ತಿ ತುಂಬಿದರೆ ಅದು ತಾನಾಗಿ ಏರುವುದು ಬಹುತೇಕ ನಿಂತೇಹೋಗುತ್ತದೆ. ದ್ರವದ ಮೇಲ್ಮೈ ಸೆಳೆತ ಅದನ್ನು ಪೈಪಿನ ಗೋಡೆಗಳ ನಡುವೆ ಬಿರಡೆಯಂತೆ ಹಿಡಿದಿಡುತ್ತದೆ. ನಿಪ್ಪಲ್ ತೆರೆದಿಟ್ಟು ಆಯಿಲ್ ತಾನಾಗಿ ತೊಟ್ಟಿಕ್ಕಲಿ ಎಂದು ಬಿಡುವ ಉಪಾಯ ಕೆಲವು ಕಾರುಗಳಲ್ಲಿ ಫಲ ಕೊಡದಿರುವುದಕ್ಕೆ ಇದೊಂದು ಕಾರಣ. ಇನ್ನೊಂದು ಕಾರಣ ಅದೇ ತಡೆಕವಾಟ. ಅರ್ಧ ಮೀಟರ್ ಎತ್ತರದ ಆಯಿಲಿನ ಭಾರ ಅದನ್ನು ತೆರೆಯಲು ಸಾಲದೇ ಹೋಗಬಹುದು.

ತಳ್ಳುವುದೋ ಎಳೆಯುವುದೋ

ಪೆಡಲನ್ನೇ ಮುಟ್ಟದ ದಾರಿಗಳೂ ಇವೆ. ಡಬ್ಬಿಯ ಬಾಯಿಗೆ ಗಾಳಿಯಾಡದ ಮುಚ್ಚಳ ಕೂರಿಸಿ ಅದಕ್ಕೆ ಹೆಚ್ಚುಕಡಿಮೆ ಒಂದು ವಾತಾವರಣದಷ್ಟು ಒತ್ತಡ ಕೊಟ್ಟರೆ ಆಯಿಲ್ ತಾನೇ ಪೈಪಿನಲ್ಲಿ ಹರಿಯುತ್ತದೆ. ಸ್ಟೆಪ್ನಿ ಟಯರಿನ ಗಾಳಿಯನ್ನೇ, ಅದನ್ನು ಬಹಳಷ್ಟು ಇಳಿಸಿಕೊಂಡು, ಇದಕ್ಕೆ ಬಳಸುವ ಕಿಟ್‌ಗಳಿವೆ. ಹರಿವು ಒಂದೇ ದಿಕ್ಕಿಗೆ ಇರುವುದರಿಂದ ಕವಾಟದ ಮಾತೇ ಇಲ್ಲ. ಹಳೆಯ ಕಾರಿಗೆ ಇದರಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ವರ್ಷಗಟ್ಟಲೆ ಪಿಸ್ಟನ್ ಓಡಾಡದ ಸಿಲಿಂಡರಿನ ಆಳದ ಭಾಗದಲ್ಲಿ ತುಕ್ಕು, ಜಿಡ್ಡು ಕೂತಿರುತ್ತದೆ. ಪೆಡಲನ್ನು ನೆಲಕ್ಕೆ ತುಳಿದರೆ ರಬ್ಬರಿನ ನಾಜೂಕು ಅಂಚು ಆ ಒರಟು ಜಾಗದ ಮೇಲೆ ಉಜ್ಜಿ ಹರಿಯಬಹುದು. ಚೆನ್ನಾಗಿದ್ದ ಮಾಸ್ಟರ್ ಸಿಲಿಂಡರ್ ಏರ್ ತೆಗೆದ ಮರುದಿನ ಸೋರುವುದು ಹೀಗೆ. ಬಾಟಲಿಯ ಉಪಾಯ ಮಾಡುವವರು ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟು ಅದು ನೆಲದವರೆಗೆ ಹೋಗದಂತೆ ನೋಡಿಕೊಳ್ಳಬೇಕು.

ನಿಪ್ಪಲಿನಿಂದ ಕೈಪಂಪಿನಲ್ಲಿ ಹೀರುವ ದಾರಿ ಡ್ರಮ್ ಬ್ರೇಕಿಗೆ ನನಗೆ ಹಿಡಿಸುವುದಿಲ್ಲ. ವ್ಹೀಲ್ ಸಿಲಿಂಡರಿನ ರಬ್ಬರ್ ಬಟ್ಟಲುಗಳು ಒಳಗಿನ ಒತ್ತಡಕ್ಕೆ ಅರಳಿ ಮುಚ್ಚಿಕೊಳ್ಳುವಂತೆ ಮಾಡಿದವು. ಹೊರಗಿನಿಂದ ಹೀರಿದರೆ ಅಂಚು ಮಡಿದು ಹೊಸ ಗಾಳಿ ಒಳಗೆ ಬರಬಹುದು. ನಿಪ್ಪಲಿನ ತಿರುಪಿನ ಸಂದಿನಿಂದಲೂ ಗಾಳಿ ಸೇರುತ್ತದೆ. ಪೈಪಿನಲ್ಲಿ ಗುಳ್ಳೆಗಳ ಸರ ನಿಲ್ಲುವುದೇ ಇಲ್ಲ, ಒಳಗಿನದ್ಯಾವುದು ಹೊರಗಿನದ್ಯಾವುದು ತಿಳಿಯುವುದೂ ಇಲ್ಲ. ನಿಪ್ಪಲಿನಿಂದ ಸಿರಿಂಜಿನಲ್ಲಿ ಆಯಿಲನ್ನು ಮೇಲಕ್ಕೆ ತಳ್ಳುವ ಹಿಮ್ಮುಖ ದಾರಿ ತರ್ಕಕ್ಕೆ ಚೆನ್ನಾಗಿದೆ. ಗುಳ್ಳೆ ಏರಬಯಸುವ ದಿಕ್ಕಿಗೇ ಅದನ್ನು ಒಯ್ಯುತ್ತದೆ. ಆದರೆ ವ್ಹೀಲ್ ಸಿಲಿಂಡರಿನ ಕೊಳೆಯೂ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ. ಎಲ್ಲ ಹೊಸದಾಗಿ ಕಟ್ಟಿದ ಬ್ರೇಕಿಗೆ ಮಾತ್ರ ಇದು ಸರಿ.

ಕೆಲಸಕ್ಕೆ ಇಳಿದಾಗ

ಗಾಡಿ ಎತ್ತಿದರೆ ಜಾಕಿನ ಮೇಲೆ ಮಾತ್ರ ಬಿಡಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ನೆಲದಲ್ಲಿರುವ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಇಡಿ. ಒಂಟಿಯಾಗಿ ಕೆಲಸ ಮಾಡುವವರಿಗೆ ಏನಾದರೂ ಆದರೆ ಎತ್ತಲು ಯಾರೂ ಇರುವುದಿಲ್ಲ. ನಿಪ್ಪಲಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮೂಲೆ ಸವೆಸದ ರಿಂಗ್ ಸ್ಪ್ಯಾನರಿನಿಂದಲೇ ತೆಗೆಯಿರಿ. ಮುರಿದ ನಿಪ್ಪಲ್ ತೆಗೆಯುವುದು ಬ್ಲೀಡಿಂಗಿಗಿಂತ ದೊಡ್ಡ ಕೆಲಸ.

ಶುರುಮಾಡುವ ಮೊದಲು ಅಡ್ಜಸ್ಟರ್ ತಿರುಗಿಸಿ ಶೂಗಳನ್ನು ಡ್ರಮ್ಮಿಗೆ ಒತ್ತುವಷ್ಟು ಬಿಗಿ ಮಾಡಿ. ವ್ಹೀಲ್ ಸಿಲಿಂಡರಿನ ಪಿಸ್ಟನ್‌ಗಳು ಆಗ ಹೊರಕ್ಕೆ ಸರಿಯಲಾರವು, ಪ್ರತಿ ತುಳಿತದ ಆಯಿಲಷ್ಟೂ ನಿಪ್ಪಲಿನ ಕಡೆಗೇ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಚಕ್ರ ಸರಾಗ ತಿರುಗುವಷ್ಟು ಸಡಿಲಿಸಿ. ಆಯಿಲ್ ಸೀಲ್ ಒಡೆಯದ ಹೊಸ ಡಬ್ಬಿಯದೇ ಆಗಬೇಕು. ಬಾಟಲಿಗೆ ಬಂದದ್ದನ್ನು, ಎಷ್ಟೇ ತಿಳಿಯಾಗಿ ಕಂಡರೂ, ಮತ್ತೆ ಹಾಕಬಾರದು. ಗ್ಲೈಕಾಲ್ ಆಯಿಲ್ ಹಳೆಯ ಕಾರಿನ ಪೇಂಟನ್ನು ನಿಮಿಷಗಳಲ್ಲಿ ಎಬ್ಬಿಸುತ್ತದೆ. ಒಂದು ಹನಿ ಬಿದ್ದರೂ ಒರೆಸುವುದಲ್ಲ, ಕೂಡಲೇ ಧಾರಾಳ ನೀರು ಹೊಯ್ಯಬೇಕು. ಡಾಟ್ 5 ಎಂಬ ಸಿಲಿಕೋನ್ ಆಯಿಲ್ ಪೇಂಟನ್ನು ಮುಟ್ಟುವುದಿಲ್ಲ, ತೇವ ಹೀರುವುದಿಲ್ಲ. ಆದರೆ ಗ್ಲೈಕಾಲಿನೊಂದಿಗೆ ಬೆರೆಯುವುದೂ ಇಲ್ಲ, ಸಣ್ಣ ಗುಳ್ಳೆಗಳನ್ನು ಬೇಗ ಬಿಟ್ಟುಕೊಡುವುದೂ ಇಲ್ಲ.

ಕೊನೆಯ ಚಕ್ರವೂ ಮುಗಿದು ನಿಪ್ಪಲ್ ಬಿಗಿಯಾದ ಮೇಲೆ ಪೆಡಲನ್ನು ಬಲವಾಗಿ ತುಳಿದು ಒಂದು ನಿಮಿಷ ಹಿಡಿಯಿರಿ. ಹಾಗೇ ಹಿಡಿದು ನಿಂತರೆ ಸೋರಿಕೆಯಿಲ್ಲ. ನಾಲ್ಕೂ ನಿಪ್ಪಲ್‌ಗಳನ್ನು ಒಣಬಟ್ಟೆಯಿಂದ ಮುಟ್ಟಿ ನೋಡಿ. ಮೊದಲ ಓಟ ಖಾಲಿ ಜಾಗದಲ್ಲಿ, ನಡಿಗೆಯ ವೇಗದಲ್ಲಿ, ಹ್ಯಾಂಡ್‌ಬ್ರೇಕಿನ ಮೇಲೆ ಕೈಯಿಟ್ಟುಕೊಂಡು ಇರಲಿ. ಹ್ಯಾಂಡ್‌ಬ್ರೇಕ್ ತಂತಿಯಲ್ಲಿ ಎಳೆಯುವಂಥದ್ದು, ಅದಕ್ಕೆ ಆಯಿಲಿನ ಹಂಗಿಲ್ಲ.

ಎರಡು ಸುತ್ತು ಮಾಡಿ, ಪಾರದರ್ಶಕ ಪೈಪಿನಲ್ಲಿ ಒಂದು ಗುಳ್ಳೆಯೂ ಕಾಣದೆ, ಪೆಡಲು ಮಾತ್ರ ಇನ್ನೂ ಪುಟಿಯುತ್ತಿದ್ದರೆ ಮತ್ತೊಂದು ಡಬ್ಬಿ ಆಯಿಲ್ ಸುರಿಯಬೇಡಿ. ಚಕ್ರದ ಬಳಿಯ ರಬ್ಬರ್ ಹೋಸನ್ನು ಮುಷ್ಟಿಯಲ್ಲಿ ಹಿಡಿದು ಯಾರಾದರೂ ಪೆಡಲು ತುಳಿದಾಗ ಅದು ಉಬ್ಬುತ್ತದೆಯೇ ನೋಡಿ. ಇದೊಂದಕ್ಕೆ ಇನ್ನೊಬ್ಬರು ಬೇಕು. ಉಬ್ಬಿದರೆ ಹೋಸ್ ಬದಲಿಸಬೇಕು. ಹೋಸ್ ಸರಿಯಿದ್ದು ಲೈನರ್ ಹೊಸದಾಗಿದ್ದರೆ ಶೂವಿನ ಬಾಗು ಡ್ರಮ್ಮಿನ ಬಾಗಿಗೆ ಇನ್ನೂ ಹೊಂದಿಲ್ಲ. ತುದಿ ಮಾತ್ರ ತಾಗಿದ ಶೂ ಒತ್ತಿದಾಗ ಬಾಗಿ, ಬಿಟ್ಟಾಗ ನೆಟ್ಟಗಾಗುತ್ತದೆ. ಕಾಲಿಗೆ ಅದು ಗಾಳಿ ಇದ್ದಂತೆಯೇ ಅನ್ನಿಸುತ್ತದೆ. ನಿಧಾನವಾಗಿ ಕೆಲವು ನೂರು ಕಿಲೋಮೀಟರ್ ಓಡಿಸಿ ಲೈನರ್ ಡ್ರಮ್ಮಿಗೆ ಕೂತ ಮೇಲೆ ಇನ್ನೊಮ್ಮೆ ಬ್ರೇಕ್ ಟೈಟ್ ಮಾಡಿದರೆ ಪೆಡಲು ಗಟ್ಟಿಯಾಗುತ್ತದೆ.